ತೆಕುರಾಳ ಗಾಡಿಯ ಕೆಮ್ಮು

ಗಾಡಿ ಐವತ್ತು ದಾಟಿದರೆ ಗಕ್ಕೆನ್ನುತ್ತದೆ ಎಂದು ಮೊದಲು ಹೇಳಿದವಳು ರೆಪೆತಾ, ನನ್ನ ಅಣ್ಣನ ಮಗಳು. ಇಪ್ಪತ್ತು ವರ್ಷದ ಹುಡುಗಿ. ದ್ವೀಪದ ಆ ಮಗ್ಗುಲಿಗೆ, ಮೂರಿಯಲ್ಲಿ, ಒಂದು ಹೋಟೆಲಿನಲ್ಲಿ ಬೆಳಗಿನ ತಿಂಡಿ ಬಡಿಸುವ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಆರಕ್ಕೆ ಅಲ್ಲಿರಬೇಕು, ಹಾಸಿಗೆಯಿಂದ ಏಳುವುದೇ ಐದೂಕಾಲಿಗೆ, ಹೀಗಾಗಿ ದಿನವೂ ಹಾರಿಕೊಂಡೇ ಹೋಗುವುದು. ಆ ದಿನ ಮಧ್ಯಾಹ್ನ ಬಂದವಳೇ ಹೆಲ್ಮೆಟ್ಟನ್ನು ಊಟದ ಮೇಜಿನ ಮೇಲೆ, ಮೀನಿನ ಬಟ್ಟಲಿನ ಪಕ್ಕದಲ್ಲೇ ಕುಕ್ಕಿದಳು.

"ನಲವತ್ತರವರೆಗೂ ಬೆಣ್ಣೆ ಥರ ಹೋಗತ್ತೆ, ಅಪ್ಪ. ಐವತ್ತಾದ್ಮೇಲೆ ಹಿಂದಿನಿಂದ ಯಾರೋ ಹಿಡ್ಕೊಂಡು ಎಳೆದ ಹಾಗೆ. ಇವತ್ತು ವೈಮಾಂಗಾ ಹತ್ರ ಲಾರಿ ದಾಟೋಕೆ ಹೋದೆ, ಮಧ್ಯದಲ್ಲೇ ಗಕ್ ಗಕ್ ಅಂತ ನಿಂತ್ಕೊಳ್ತು. ಎದುರಿಗೆ ಬಸ್ಸು ಬರ್ತಿದೆ."

ಅಣ್ಣ ನೂರೋವಾ ತಟ್ಟೆಯಲ್ಲಿದ್ದ ಕೆಸುವಿನ ಗೆಡ್ಡೆಯನ್ನು ಹಾಗೇ ಬಿಟ್ಟು ಎದ್ದು ಅಂಗಳಕ್ಕೆ ಹೋದ. ಅಲ್ಲಿಂದ ಐದು ವಾರ ಅವನು ನೆಮ್ಮದಿಯಾಗಿ ಊಟ ಮುಗಿಸಿದ್ದನ್ನು ನಾನು ನೋಡಲಿಲ್ಲ.

ಆ ಸ್ಕೂಟರು ಅವನದಲ್ಲ, ಅತ್ತಿಗೆ ತೆಕುರಾಳದು. ಹನ್ನೊಂದು ವರ್ಷ ಅದರ ಮೇಲೆ ಸಂತೆ, ಚರ್ಚು, ಶಾಲೆ ಎಂದು ಓಡಾಡಿದವಳು. ಹೋದ ನವೆಂಬರಿನಲ್ಲಿ ಅವಳ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ಸಲ ರಕ್ತ ತೊಳೆಯುವ ಯಂತ್ರಕ್ಕೆ ಮೈಯೊಡ್ಡಬೇಕು. ನಮ್ಮ ದ್ವೀಪದಲ್ಲಿ ಆ ಯಂತ್ರವಿಲ್ಲ, ಸಮುದ್ರದಾಚೆ ವಿಮಾನದಲ್ಲಿ ನಾಲ್ಕು ತಾಸಿನ ದೂರದ ಆಕ್ಲೆಂಡಿನಲ್ಲಿದೆ. ಹೋದಳು. ಇನ್ನು ಅವಳು ಇಲ್ಲಿ ಬದುಕಲು ಬರುವಂತಿಲ್ಲ, ಬಂದರೆ ಎರಡು ಮೂರು ದಿನದ ಬರವು ಅಷ್ಟೆ. ನೂರೋವಾ ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ಪೈಪು, ಟ್ಯಾಂಕು ನೋಡಿಕೊಂಡವನು. ಏಪ್ರಿಲಿನಲ್ಲಿ ನಿವೃತ್ತನಾದ. ಅವನೂ ಹೋಗುವುದೆಂದು ತೀರ್ಮಾನವಾಗಿತ್ತು, ಜೂನ್ ಹನ್ನೆರಡರ ವಿಮಾನ. ಹೋಗುವುದೆಂದರೆ ಹೋಗಿಬಿಡುವುದೇ. ರೆಪೆತಾ ಮತ್ತು ಗಾಡಿ ನಮ್ಮ ಜೊತೆ ಉಳಿಯುವುದೆಂದು ಮಾತಾಗಿತ್ತು.

ಈಗ ಅವನು ಸ್ಪಾನರು ಹಿಡಿದು ನೆಲದ ಮೇಲೆ ಕೂತು ಹೇಳಿದ್ದು ಒಂದೇ ಮಾತು. ಗಾಡಿ ಸರಿಯಾಗದೆ ನಾನು ವಿಮಾನ ಹತ್ತುವುದಿಲ್ಲ. ಇದರ ಮೇಲೆ ಮಗಳನ್ನು ಬಿಟ್ಟುಬಂದೆ ಎಂದರೆ ತೆಕುರಾ ನನ್ನ ಮುಖ ನೋಡುವುದಿಲ್ಲ.

ಅಮ್ಮನಿಗೆ ಎಪ್ಪತ್ತೊಂಬತ್ತು. ಕಿಟಕಿಯ ಪಕ್ಕ ಕೂತು ಏನನ್ನಾದರೂ ಸುಲಿಯುತ್ತಿರುತ್ತಾಳೆ, ಕಿವಿ ಮಾತ್ರ ಅಂಗಳದಲ್ಲಿರುತ್ತದೆ.

"ಹೆಂಡ್ತಿ ಹತ್ರ ಹೋಗೋಕೆ ಗಾಡಿ ಯಾಕೆ ಸರಿಯಾಗ್ಬೇಕು? ಅದರ ಮೇಲೇ ಹೋಗ್ತೀಯೇನು ಆಕ್ಲೆಂಡಿಗೆ?" ಎಂದಳು.

ಇನ್ನು ನಾನು. ಪಾಯೆರು, ನೂರೋವಾನ ತಂಗಿ. ಒಮ್ಮೆ ಮದುವೆಯಾಗಿ ಎರಡೇ ವರ್ಷಕ್ಕೆ ತವರಿಗೆ ಬಂದೆ, ಆ ಕಥೆ ಇಲ್ಲಿ ಬೇಡ. ವಿಮಾನದಲ್ಲಿ ಬರುವವರಿಗೂ ಹೋಗುವವರಿಗೂ ಹೂಮಾಲೆ ಕಟ್ಟುವುದು ನನ್ನ ಕಸುಬು. ಬೆಳಗಿನ ಜಾವ ಬಿಳಿಯ ತಿಯಾರೆ ಹೂವಿನ ಮೊಗ್ಗು ಕಿತ್ತು, ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಗಾಡಿಯ ಸೀಟಿನ ಕೆಳಗಿನ ಡಬ್ಬಿಯಲ್ಲಿಟ್ಟು ವಿಮಾನ ನಿಲ್ದಾಣಕ್ಕೆ ಒಯ್ಯುವುದು. ಓಡಿಸುವವರು ಬೇರೆ, ನಾನು ಹಿಂದೆ ಕೂರುವವಳು. ತೆಕುರಾಳಿಗೂ ನನಗೂ ಇಪ್ಪತ್ತೆರಡು ವರ್ಷ ಒಂದೇ ಒಲೆ. ತೆಂಗಿನ ಹಾಲು ನಾನು ಹಿಂಡಿದರೆ ನೀರು, ಅವಳು ಹಿಂಡಿದರೆ ಅಮೃತ. ನಾನು ಗುಡಿಸಿದ ನೆಲವನ್ನು ಅವಳು ಮತ್ತೊಮ್ಮೆ ಗುಡಿಸದೆ ಬಿಟ್ಟ ದಿನವಿಲ್ಲ. ಅವಳು ಹೋದ ಮೇಲೆ ಮನೆ ತಣ್ಣಗಾಯಿತು ಎಂದು ನಾನು ಹೇಳುತ್ತಿದ್ದೆ. ನಿಜಕ್ಕೂ ತಣ್ಣಗಾಗಿತ್ತು, ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಮೊದಲ ವಾರ ಅಣ್ಣ ಪ್ಲಗ್ಗು ಬದಲಿಸಿದ, ಗಾಳಿ ಸೋಸುವ ಫಿಲ್ಟರಿನಿಂದ ಒಂದು ಹಿಡಿ ಹವಳದ ಪುಡಿ ಕೊಡವಿದ. ಪೆಟ್ರೋಲು ನೋಡಿದ, ಮುಚ್ಚಳ ಹಾಕಿದ, ವಿಮಾನ ನಿಲ್ದಾಣದ ಗೋಡೆಯ ಪಕ್ಕದ ನೆಟ್ಟ ರಸ್ತೆಗೆ ಹೋಗಿ ಬಂದ. ಸರಿಹೋಯಿತು ಎಂದು ಸೀಟಿ ಹಾಕುತ್ತಾ ಕೈ ತೊಳೆದ. ಮರುದಿನ ರೆಪೆತಾ ಸಿಡುಕುತ್ತಾ ಬಂದಳು. ಹೋಗುವಾಗ ಎಲ್ಲ ಚೆನ್ನಾಗಿತ್ತಂತೆ, ಬರುವಾಗ ಮತ್ತೆ ಅದೇ ಗಕ್ ಗಕ್.

ಎರಡನೇ ವಾರ ಕಾರ್ಬುರೇಟರು ಬಿಚ್ಚಿದ. ಅದರೊಳಗಿನ ಸಣ್ಣ ಸಣ್ಣ ಹಿತ್ತಾಳೆಯ ತೂತುಗಳಲ್ಲಿ ತಂತಿ ಆಡಿಸಿ, ಬೆಳಕಿಗೆ ಹಿಡಿದು, ಊದಿ, ನನ್ನ ಹೂವಿನ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ನಾನು ಆ ಬಟ್ಟೆಗಾಗಿ ಕೂಗಾಡಿದೆ. ಟ್ಯಾಂಕು ಖಾಲಿ ಮಾಡಿ ನೀರು ಸೇರಿದೆಯೇ ನೋಡಿದ, ಇರಲಿಲ್ಲ. ಮತ್ತೆ ಎಲ್ಲ ಕೂಡಿಸಿ ಓಡಿಸಿದ. ಆ ದಿನ ಗಾಡಿ ಎಪ್ಪತ್ತಕ್ಕೂ ಹೋಯಿತು. ಮರುದಿನ ಐವತ್ತಕ್ಕೇ ಕೆಮ್ಮಿತು.

"ಇದು ನನ್ನನ್ನ ಆಟ ಆಡಿಸ್ತಿದೆ" ಎಂದ ಅಣ್ಣ.

ಫೋನಿನಲ್ಲಿ ತೆಕುರಾಳಿಗೆ ಇದೆಲ್ಲ ಹೇಳುತ್ತಿದ್ದ. ವಾರಕ್ಕೆ ಮೂರು ದಿನ ಅವಳು ಐದೈದು ತಾಸು ಯಂತ್ರದ ಪಕ್ಕ ಮಲಗಿರಬೇಕು, ಆ ಹೊತ್ತಿನಲ್ಲೇ ಇವರ ಮಾತುಕತೆ. ನಮ್ಮ ಮಂಗಳವಾರ ಅವಳಿಗೆ ಬುಧವಾರ, ನಮ್ಮ ನಾಲ್ಕು ಗಂಟೆ ಅವಳಿಗೆ ಎರಡು. ಅವಳು ಒಂದು ದಿನ ಹೇಳಿದಳಂತೆ, ಅದು ನನ್ನ ಗಾಡಿ, ಅದರ ಕೆಮ್ಮು ನನಗೆ ಕೇಳಿಸಿದರೆ ಕಾಯಿಲೆ ಹೇಳುತ್ತೇನೆ, ಫೋನು ಜೇಬಿನಲ್ಲಿಟ್ಟುಕೊಂಡು ಓಡಿಸು ಎಂದು. ಅಂದಿನಿಂದ ಮಂಗಳವಾರ, ಗುರುವಾರ ನಾಲ್ಕಕ್ಕೆ ಅಣ್ಣ ಅಂಗಿಯ ಜೇಬಿನಲ್ಲಿ ಫೋನಿಟ್ಟು, ಬೀಳದಿರಲೆಂದು ಜೇಬಿಗೆ ಪಿನ್ನು ಚುಚ್ಚಿ ಹೊರಡತೊಡಗಿದ. ಭಾನುವಾರ ಮಾತ್ರ ಗಾಡಿ ಇಲ್ಲ, ಚರ್ಚಿನ ಹಾಡು ಕೇಳಿಸುತ್ತಿದ್ದ.

ಮೊದಲ ದಿನ ವಿಮಾನ ನಿಲ್ದಾಣದ ಗೋಡೆಯ ಕಡೆ. ಗಾಳಿಯ ಸದ್ದಿಗೆ ಏನೂ ತಿಳಿಯಲಿಲ್ಲವಂತೆ. ಎರಡನೆಯ ದಿನ ತಿತಿಕವೇಕಾದ ಕಡೆ. ಗಕ್ಕೆಂದದ್ದು ಕೇಳಿಸಿತು, ಆದರೆ ಇನ್ನೂ ಖಾತ್ರಿಯಿಲ್ಲವಂತೆ. ಆಮೇಲೆ ಮಾತಾವೆರಾದ ಶಾಲೆಯ ಮುಂದೆ, ಮಕ್ಕಳು ಬಿಟ್ಟ ಹೊತ್ತಿಗೆ. ಆಮೇಲೆ ಮೀನಿನ ದೋಣಿಗಳು ಬರುವ ಕಡೆ, ಅಲ್ಲಿ ಗಾಡಿ ನಿಲ್ಲಿಸಿ ಐದು ನಿಮಿಷ ಇಂಜಿನ್ನು ಆರಿಸಿ ಮತ್ತೆ ಶುರು ಮಾಡು ಎಂದಳು. ಮೂರನೇ ವಾರ ಬೆಲ್ಟು ಸವೆದಿರಬಹುದು ಎಂದಳು. ಅಲ್ಲಿಂದಲೇ ಕಳಿಸುತ್ತೇನೆ, ವಿಮಾನದಲ್ಲಿ ಬೇಡ, ಹಡಗಿನಲ್ಲಿ ಬರಲಿ. ಹಡಗು ಬರಲು ಹದಿನೆಂಟು ದಿನ. ಅಣ್ಣ ಜೂನ್ ಹನ್ನೆರಡರ ಟಿಕೆಟ್ಟನ್ನು ಇಪ್ಪತ್ತಾರಕ್ಕೆ ಹಾಕಿಸಿದ.

ಅಮ್ಮ ಅಂದು ರಾತ್ರಿಯೂಟಕ್ಕೆ ಮುಂಚೆಯೇ ಶುರು ಮಾಡಿದಳು. ಕೆಸುವಿನ ಸೊಪ್ಪು ಬಡಿಸುತ್ತಾ, ಸೌಟಿನಲ್ಲೇ ಮಗನತ್ತ ತೋರಿಸಿ ಕೇಳಿದಳು.

"ನಿಜ ಹೇಳು. ಭಯ ಆಗ್ತಿದ್ಯಾ ಹೋಗೋಕೆ?"

"ಗಾಡಿ ಸರಿ ಇಲ್ಲಮ್ಮ."

"ನಾನು ಗಾಡಿ ಕೇಳ್ಲಿಲ್ಲ. ಏಳು ತಿಂಗಳಿಂದ ಅವಳು ಬೇರೆಯೋರ ಮನೇಲಿ, ಬೇರೆಯೋರ ಹಾಸಿಗೇಲಿ ಬಿದ್ದಿದ್ದಾಳೆ. ನೀನಿಲ್ಲಿ ತೂತಿಗೆ ತಂತಿ ಹಾಕ್ಕೊಂಡು ಕೂತಿದ್ದೀಯ."

ಅಣ್ಣನ ಬದಲು ರೆಪೆತಾ ಬಾಯಿ ಹಾಕಿದಳು. ಹಾಗಾದರೆ ನಾನು ಲಾರಿಯ ಕೆಳಗೆ ಹೋದರೆ ಪರವಾಗಿಲ್ಲವಾ ಅಜ್ಜಿ ಎಂದಳು. ಲೇಟಾಗಿ ಎದ್ದು ಹಾರಿಕೊಂಡು ಹೋಗುವವಳಿಗೆ ಲಾರಿ ಯಾಕೆ, ಮರವೂ ಸಾಕು ಎಂದಳು ಅಮ್ಮ. ಹುಡುಗಿ ತಟ್ಟೆ ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋದಳು. ಆ ದಿನ ಪಾತ್ರೆ ತೊಳೆಯುವುದು ನನ್ನ ಪಾಲಿಗೆ ಬಂತು.

ಆಮೇಲಿನ ಮಂಗಳವಾರ ನನಗೆ ಅನುಮಾನ ಹುಟ್ಟಿತು. ಅಣ್ಣ ಹೊರಟವನು ಒಂದೂವರೆ ತಾಸಾದರೂ ಬರಲಿಲ್ಲ. ಬಂದಾಗ ಚಕ್ರಗಳಿಗೆಲ್ಲ ಕೆಸರು. ಎಲ್ಲಿಗೆ ಹೋಗಿದ್ದೆ ಎಂದರೆ ಒಳರಸ್ತೆಗಂತೆ, ಗುಡ್ಡದ ಬುಡದ ಹಳೆಯ ದಾರಿಗೆ. ಅಲ್ಲಿ ಕೆಸುವಿನ ಗದ್ದೆ, ಅಡ್ಡ ಬರುವ ಹಂದಿ, ಕಟ್ಟಿಹಾಕಿದ ಮೇಕೆ. ಮೂವತ್ತು ದಾಟಿಸುವವನು ಹುಚ್ಚನೇ ಆಗಿರಬೇಕು.

"ಐವತ್ತಕ್ಕೆ ಕೆಮ್ಮೋ ಗಾಡೀನ ಅಲ್ಲಿ ಯಾಕೆ ಓಡಿಸ್ದೆ?"

"ತೆಕುರಾ ಹೇಳಿದ್ಳು. ನಿಧಾನಕ್ಕೂ ಕೇಳ್ಬೇಕಂತೆ."

"ಏನಂದ್ಳು ಕೇಳಿ?"

"ಏನೂ ಅನ್ಲಿಲ್ಲ. ಅವಳ ತವರುಮನೆ ಗದ್ದೆ ಹತ್ರ ನಿಲ್ಲಿಸು ಅಂದ್ಳು. ನೀರು ಹರಿಯೋದು ಕೇಳ್ತು ಅಂದ್ಳು."

ಇದು ಗಾಡಿಯ ಕಾಯಿಲೆ ಹುಡುಕುವ ಸುತ್ತಾಟವಲ್ಲ ಎಂದು ಹೇಳಬೇಕೆನಿಸಿತು, ಆದರೆ ಅವಳ ವಿಷಯದಲ್ಲಿ ನಾನು ಏನು ಹೇಳಿದರೂ ಈ ಮನೆಯಲ್ಲಿ ಅದು ನಾದಿನಿಯ ಮಾತಾಗುತ್ತದೆ.

ಆ ಶನಿವಾರ ಮಧ್ಯಾಹ್ನ ಇಪ್ಪತ್ತು ಮಾಲೆ ಕೊಡುವುದಿತ್ತು. ರೆಪೆತಾ ಕೆಲಸದಿಂದ ಬಂದಿರಲಿಲ್ಲ, ಹೋಟೆಲಿನವರ ವ್ಯಾನಿನಲ್ಲಿ ಹೋಗಿದ್ದಳು. ಅಣ್ಣನೇ ಗಾಡಿ ತೆಗೆದ, ನಾನು ಹಿಂದೆ ಕೂತೆ. ಹೊತ್ತಾಗಿದೆ, ಬೇಗ ಹೋಗು ಎಂದು ಅವನ ಬೆನ್ನಿಗೆ ಗುದ್ದಿದೆ. ಸಮುದ್ರದಂಚಿನ ಕರಿಬಂಡೆ ದಾಟಿದ ಮೇಲೆ ಅವನು ಕೈ ತಿರುಗಿಸಿದ್ದೇ ಗಾಡಿ ಬಿಕ್ಕಳಿಸಿ ಬಿಕ್ಕಳಿಸಿ ಗಾಲ್ಫ್ ಮೈದಾನದ ಎದುರಿಗೆ ಪೂರ್ತಿ ನಿಂತೇಬಿಟ್ಟಿತು. ಅಣ್ಣ ನನ್ನನ್ನು ಇಳಿಸಿ, ಸೀಟೆತ್ತಿ, ಮಾಲೆಗಳನ್ನು ನನ್ನ ತೋಳಿಗೆ ಹೇರಿ, ಪೆಟ್ರೋಲು ಇದೆಯೇ ನೋಡಲು ಡಬ್ಬಿಯ ಪಕ್ಕದ ಟ್ಯಾಂಕಿನ ಮುಚ್ಚಳ ತಿರುಗಿಸಿದ.

ಉಸ್ ಎಂದಿತು. ಸಣ್ಣ ಸದ್ದಲ್ಲ, ನನಗೂ ಕೇಳಿಸಿತು. ಟ್ಯಾಂಕು ಗಾಳಿ ಎಳೆದುಕೊಂಡಿತು.

ಅಣ್ಣ ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿದ, ತಿರುವಿ ನೋಡಿದ. ಮೇಲ್ಗಡೆ ನಡುವೆ ಒಂದು ಕಪ್ಪು ಚುಕ್ಕೆ. ಉಗುರಿನಿಂದ ಕೆರೆದ, ಬರಲಿಲ್ಲ. ಕೀಲಿಯಿಂದ ಕೆರೆದ. ಕಪ್ಪು ಹಕ್ಕಳೆಯ ಒಳಗೆ ಬಿಳಿಯಾಗಿ ಮೇಣದಂಥದ್ದು ಎದ್ದು ಬಂತು. ಅದರ ಕೆಳಗೆ ಸೂಜಿ ಹೋಗುವಷ್ಟು ತೂತು.

"ಇದು ದೀವಿಹಲಸಿನ ಅಂಟು" ಎಂದ. "ಗಾಳಿ ಹೋಗೋ ತೂತಿಗೆ ಯಾರೋ ದೀವಿಹಲಸಿನ ಅಂಟು ಮೆತ್ತಿದ್ದಾರೆ."

ಯಾರೋ ಅಲ್ಲ, ನಾನೇ. ಇಷ್ಟು ಹೊತ್ತು ಹೇಳದಿದ್ದುದಕ್ಕೆ ಕಾರಣ ನನಗೂ ಅದರ ನೆನಪೇ ಇರಲಿಲ್ಲ. ತೆಕುರಾ ಹೊರಟ ದಿನ ಅವಳ ಕೊರಳಿಗೆ ಮೂರೆಳೆಯ ತಿಯಾರೆ ಮಾಲೆ ಹಾಕಿದ್ದೆ, ಅಂಥದ್ದು ನಾನು ಯಾರಿಗೂ ಕಟ್ಟಿಕೊಟ್ಟವಳಲ್ಲ. ಅಲ್ಲಿ ಇಳಿದು ಫೋನು ಮಾಡಿದವಳು ಏನೆಂದಳು ಗೊತ್ತೇ? ನಿನ್ನ ಹೂವಿಗೆ ಪೆಟ್ರೋಲಿನ ವಾಸನೆ ಹತ್ತಿತ್ತು, ವಾಂತಿ ತಡೆದುಕೊಂಡು ಕೂತಿದ್ದೆ, ಆಕ್ಲೆಂಡಿನಲ್ಲಿ ತನಿಖೆಯವರು ತೆಗೆಸಿ ತೊಟ್ಟಿಗೆ ಹಾಕಿದ ಮೇಲೆ ಉಸಿರು ಬಂತು ಎಂದಳು. ನನಗೆ ಉರಿದುಹೋಯಿತು. ಸೀಟೆತ್ತಿ ಮೂಸಿ ನೋಡಿದೆ. ಆ ತೂತಿನಿಂದಲೇ ವಾಸನೆ. ನಮ್ಮಪ್ಪ ದೋಣಿಯ ಬಿರುಕಿಗೆ ದೀವಿಹಲಸಿನ ಅಂಟು ತುಂಬುತ್ತಿದ್ದ, ಒಣಗಿದರೆ ಸಮುದ್ರವೂ ಒಳಗೆ ಬರುತ್ತಿರಲಿಲ್ಲ. ಹಿತ್ತಿಲ ಮರಕ್ಕೆ ಕತ್ತಿಯಿಂದ ಗೀರಿ, ಇಳಿದ ಹಾಲನ್ನು ಬೆರಳಲ್ಲಿ ತಂದು ಮೆತ್ತಿದೆ. ಆಮೇಲೆ ನನ್ನ ಹೂವು ಹೂವಿನ ವಾಸನೆಯನ್ನೇ ಬೀರಿತು, ನಾನು ಮರೆತೆ. ಅಣ್ಣ ನಿಧಾನಕ್ಕೆ ಓಡಿಸುವವನು, ಅವನಿಗೆ ತಿಳಿಯಲೇ ಇಲ್ಲ. ರೆಪೆತಾ ಕೆಲಸಕ್ಕೆ ಸೇರಿದ ಮೇಲೆ ಬಯಲಾಯಿತು. ದುರಸ್ತಿ ಮಾಡುವಾಗಲೆಲ್ಲ ಅವನು ಪೆಟ್ರೋಲು ನೋಡಲು ಮುಚ್ಚಳ ತೆಗೆಯುತ್ತಿದ್ದ, ಗಾಳಿ ಒಳಹೋಗುತ್ತಿತ್ತು, ಅರ್ಧ ದಿನ ಗಾಡಿ ಚೆನ್ನಾಗಿರುತ್ತಿತ್ತು.

ನಾನು ಎಂದೆ, ನಾನೇ ಹಚ್ಚಿದ್ದು. ಅಣ್ಣ ನನ್ನ ಮುಖ ನೋಡಿದ. ಬೈಯುತ್ತಾನೆಂದು ಕಾದೆ. ಅವನು ರಸ್ತೆಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, "ಮೂವತ್ತು ವರ್ಷ" ಎಂದ. "ಮೂವತ್ತು ವರ್ಷ ಊರಿನ ಟ್ಯಾಂಕಿಗೆಲ್ಲ ಗಾಳಿಕೊಳವೆ ಇಟ್ಟೋನು ನಾನು. ಗಾಳಿ ಇಲ್ದೆ ನೀರು ಇಳಿಯಲ್ಲ ಅಂತ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದೀನಿ." ಅವನಿಗೆ ನಗು ಬಂತು. ನನಗೂ ಬಂತು. ಮಾಲೆಗಳು ಬಿಸಿಲಿಗೆ ಬಾಡುತ್ತಿದ್ದವು, ಎದ್ದು ಹೊರಟೆವು. ಗಾಡಿ ಎಂಬತ್ತಕ್ಕೆ ಹೋಯಿತು, ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ.

ಎರಡು ದಿನ ಓಡಿಸಿ ನೋಡಿ, ಖಾತ್ರಿಯಾದ ಮೇಲೆ, ಮಂಗಳವಾರ ನಾಲ್ಕಕ್ಕೆ ಫೋನನ್ನು ಊಟದ ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿ ಅಣ್ಣ ಹೆಂಡತಿಗೆ ಹೇಳಿದ. ಅಮ್ಮ, ರೆಪೆತಾ, ನಾನು ಸುತ್ತ ಕೂತಿದ್ದೆವು. ಅಂಟಿನ ವಿಷಯ ನಾನೇ ಹೇಳಿಕೊಂಡೆ. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ. ಯಂತ್ರ ಗುಂಯ್‌ಗುಡುವುದು ಕೇಳಿಸುತ್ತಿತ್ತು.

"ಮುಚ್ಚಳ ಅಂತ ಗೊತ್ತಿತ್ತು" ಎಂದಳು.

"ಯಾರಿಗೆ?"

"ನಂಗೆ. ಪಕ್ಕದ ಮಂಚಕ್ಕೆ ಒಬ್ಬ ಟೋಂಗಾದವ್ನು ಬರ್ತಾನೆ, ಬಸ್ಸು ರಿಪೇರಿ ಮಾಡ್ತಿದ್ದೋನು. ನೀನು ಎರಡನೇ ಸಲ ಓಡಿಸ್ದಾಗ ಅವನೂ ಕೇಳಿಸ್ಕೊಂಡ. ಟ್ಯಾಂಕಿಗೆ ಉಸಿರು ಸಿಗ್ತಿಲ್ಲ, ಮುಚ್ಚಳ ನೋಡ್ಸು ಅಂದ."

ಅಣ್ಣನ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಮತ್ತೆ ಯಾಕೆ ಹೇಳಲಿಲ್ಲ, ಮೂರು ವಾರ ಎಂದು ಮೆಲ್ಲಗೆ ಕೇಳಿದ.

"ಹೇಳಿದ್ರೆ ನೀನು ಬಂದುಬಿಡ್ತಿದ್ದೆ."

ರೆಪೆತಾ ಅಪ್ಪನ ಮುಖ ನೋಡಿದಳು, ಆಮೇಲೆ ತನ್ನ ಬೆರಳು ನೋಡಿಕೊಂಡಳು.

"ನೀನು ಬೇಡ ಅಂತಲ್ಲ, ನೂರೋವಾ. ಈ ಐದು ಗಂಟೆ ನೀನು ಪಕ್ಕದಲ್ಲಿ ಕೂತಿರ್ಬೇಕು ಅಂತ ನಂಗೆ ಎಷ್ಟು ಆಸೆ ಅಂತ ನಿಂಗೆ ಗೊತ್ತಿಲ್ಲ. ಆದ್ರೆ ನಿನ್ನ ಜೇಬಲ್ಲಿ ಕೂತ್ಕೊಂಡು ನಾನು ಊರೆಲ್ಲಾ ಸುತ್ತಿದೆ. ಹಂದಿ ಕೇಳ್ತು, ಶಾಲೆ ಮಕ್ಕಳ ಗಲಾಟೆ ಕೇಳ್ತು, ನಮ್ಮ ಗದ್ದೆ ನೀರು ಕೇಳ್ತು. ನೀನೂ ಬಂದು ಇಲ್ಲಿ ಕೂತ್ರೆ, ಅಲ್ಲಿ ನಂಗೋಸ್ಕರ ಸುತ್ತೋಕೆ ಯಾರಿದ್ದಾರೆ?"

ನನಗೆ ಅವಳ ಮೇಲೆ ಸಿಟ್ಟು ಬಂತು. ನಾವು ಇಪ್ಪತ್ತೆರಡು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವರು, ನಮ್ಮ ಲೆಕ್ಕವೇ ಇಲ್ಲ ಅವಳಿಗೆ.

ಅಮ್ಮ ಫೋನಿನತ್ತ ಬಗ್ಗಿದಳು. ಕೇಳಿಸುವುದಿಲ್ಲವೇನೋ ಎಂಬಂತೆ ಒಂದೊಂದೇ ಪದ ಬಿಡಿಸಿ ಹೇಳಿದಳು.

"ನಾವೇನು ಸತ್ತಿದ್ದೀವಾ?"

ಆ ಕಡೆಯಿಂದ ತೆಕುರಾ ಅಳುವುದು ಕೇಳಿಸಿತು. ಅಮ್ಮ ಫೋನನ್ನು ಮಗನ ಕಡೆ ತಳ್ಳಿ, ನನ್ನ ಕಡೆ ತಿರುಗಿ, ಗುರುವಾರದಿಂದ ಗಾಡಿ ಕಲಿ ಎಂದಳು. ನನಗೆ ಐವತ್ತೊಂದು ವರ್ಷ. ಲೈಸೆನ್ಸಿದೆ, ಧೈರ್ಯವಿಲ್ಲ. ರೆಪೆತಾ ಇದ್ದಾಳಲ್ಲ ಎಂದೆ.

ಅಣ್ಣ ಇಪ್ಪತ್ತಾರಕ್ಕೆ ಹೊರಟ. ಅವನಿಗೂ ಮೂರೆಳೆಯ ಮಾಲೆ ಕಟ್ಟಿದೆ, ಗಾಡಿಯಲ್ಲಿಡದೆ ಮಡಿಲಲ್ಲಿಟ್ಟುಕೊಂಡೇ ಒಯ್ದೆ. ಅಮ್ಮ ಅವನ ಎರಡೂ ಕೆನ್ನೆ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಬಿಡು ಅಮ್ಮ, ಜನ ನೋಡ್ತಾರೆ ಎಂದ. ನೋಡಲಿ ಎಂದಳು. ವಿಮಾನ ಎದ್ದ ಮೇಲೆ ರೆಪೆತಾ ಗಾಡಿಯನ್ನು ಗೋಡೆಯ ರಸ್ತೆಯಲ್ಲಿ ಎಂಬತ್ತರಲ್ಲಿ ಹೊಡೆದುಕೊಂಡು ಹೋದಳು. ಅದು ಒಮ್ಮೆಯೂ ಕೆಮ್ಮಲಿಲ್ಲ.

ಮೊದಲ ಮಂಗಳವಾರ ಫೋನು ರೆಪೆತಾಳ ಜೇಬಿನಲ್ಲಿ ಹೋಯಿತು. ಇಪ್ಪತ್ತೆಂಟು ನಿಮಿಷಕ್ಕೆ ದ್ವೀಪ ಸುತ್ತಿ ಬಂದಳು. ಬರೀ ಗಾಳಿ ಕೇಳಿಸಿತು, ಊರು ಕೇಳಿಸಲಿಲ್ಲ ಎಂದು ತೆಕುರಾ ದೂರಿದಳು. ಗುರುವಾರ ಅಮ್ಮ ನನ್ನ ರವಿಕೆಗೆ ತಾನೇ ಪಿನ್ನು ಚುಚ್ಚಿದಳು.

ಇಪ್ಪತ್ತೈದರಲ್ಲಿ ಹೋದೆ. ನನ್ನನ್ನು ಕೋಳಿಗಳೂ ದಾಟಿ ಹೋಗುತ್ತಿದ್ದವು. ತೆಕುರಾ ಒಂದೊಂದೇ ಹೇಳುತ್ತಾ ಬಂದಳು, ಇದು ಬೇಕರಿ ತಿರುವು, ಇದು ಪಾದ್ರಿಯ ಮನೆಯ ನಾಯಿ, ಅದಕ್ಕೆ ಇನ್ನೂ ಯಾರೂ ಊಟ ಹಾಕುವುದಿಲ್ಲವೇ ಎಂದು. ಬ್ರೇಕು ಹಾಗೆ ಹಿಡಿಯಬೇಡ, ಗಾಡಿ ಅರಚುತ್ತಿದೆ ಎಂದು ಬೈದಳು. ನೀನೇ ಬಂದು ಓಡಿಸು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಾನು ಅವಳಿಗೆ ಬೇಕಾದಲ್ಲೆಲ್ಲ ನಿಲ್ಲಿಸಿದೆ. ಅಣ್ಣ ಪಕ್ಕದಲ್ಲೇ ಕೂತಿದ್ದಾನೆ, ಇಯರ್‌ಫೋನಿನ ಒಂದು ತುದಿಯನ್ನು ಅವನೂ ಕಿವಿಗೆ ಹಾಕಿಕೊಂಡಿದ್ದಾನೆ ಎಂದು ಅವಳೇ ಹೇಳಿದಳು, ಆದರೆ ದಾರಿಯುದ್ದಕ್ಕೂ ಅವನ ದನಿ ಬರಲಿಲ್ಲ. ಅವನು ಅಲ್ಲಿಗೆ ಹೋಗಿ ಒಂಬತ್ತು ದಿನವಾಗಿತ್ತು.

ಎರಡು ತಾಸಿನ ಮೇಲೆ ನಮ್ಮ ಗೇಟಿಗೆ ಬಂದೆ. ಅಮ್ಮ ಕಿಟಕಿಯಲ್ಲಿದ್ದಳು. ಸಂಜೆಯ ಅಡುಗೆ ಆಗಿರಲಿಲ್ಲ, ನಾಳೆಯ ಹೂವಿಗೆ ನಾರು ಸೀಳಿರಲಿಲ್ಲ. ಮನೆ ಬಂತು, ಮುಗೀತು, ಇಬ್ಬರಿಗೂ ತೃಪ್ತಿಯಾಯಿತಾ ಎಂದು ಕೇಳಿ ಇಂಜಿನ್ನು ಆರಿಸಲು ಕೀಲಿಗೆ ಕೈ ಹಾಕಿದೆ.

"ಪಾಯೆರು" ಎಂದ ಅಣ್ಣ. "ಆರಿಸ್ಬೇಡ. ಇನ್ನೊಂದು ಸುತ್ತು ಹೋಗೇ."

ಅಮ್ಮನಿಗೆ ಕೈಸನ್ನೆಯಲ್ಲಿ ಬರುತ್ತೇನೆಂದು ಹೇಳಿ, ಗಾಡಿಯನ್ನು ಮತ್ತೆ ರಸ್ತೆಗೆ ತಿರುಗಿಸಿದೆ.